ಷರ್ಲಾಕ್ ಹೋಮ್ಸ್ ಫ್ಯಾನ್ ಫಿಕ್ಷನ್ (ಪತ್ತೇದಾರ ಹೋಮ್ಸ್‌ನ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆಯುವ ಕಥೆ) ಬರೆಯುವವರೇ, ನಿಮಗೆ ಯಾವ ಬಗೆ ಇಷ್ಟ?

ಪ್ರಶ್ನೆ: ನನಗೆ ಕೇಸ್‌ಗಿಂತ ಮನೆಯೊಳಗಿನ ಕಥೆಯೇ ಇಷ್ಟ. ಹೋಮ್ಸ್‌ನ ಗೆಳೆಯ ವಾಟ್ಸನ್ ಜ್ವರ ಬಂದು ಮಲಗಿದ್ದಾನೆ, ಹೋಮ್ಸ್ ಸೂಪ್ ಕಾಯಿಸಲು ಹೋಗಿ ಪಾತ್ರೆಯ ತಳ ಸೀಯಿಸುತ್ತಾನೆ, ಇಂಥದ್ದೇ ಜಾಸ್ತಿ ಬರೆಯುತ್ತೇನೆ. ನೀವು?

ಉತ್ತರ 1: ನನಗೆ ಆ ಮೂರು ವರ್ಷದ ಖಾಲಿ ಜಾಗ ಸಾಕು. ಮೂಲ ಕಥೆಯಲ್ಲಿ 1891ರಲ್ಲಿ ಜಲಪಾತಕ್ಕೆ ಬಿದ್ದು ಸತ್ತ ಅಂದುಕೊಂಡ ಹೋಮ್ಸ್ 1894ರಲ್ಲಿ ಎದುರು ಬಂದು ನಿಂತಾಗ ವಾಟ್ಸನ್ ಮೂರ್ಛೆ ಹೋಗುತ್ತಾನೆ, ಎದ್ದವನು ಒಂದು ಮಾತೂ ಬೈಯದೆ ಖುಷಿಪಡುತ್ತಾನೆ, ಇದ್ಯಾವ ನ್ಯಾಯ ಹೇಳಿ? ನನ್ನ ಕಥೆಯಲ್ಲಿ ಮೊದಲು ಬೈಗುಳ, ಆಮೇಲೆ ಟೀ.

ಉತ್ತರ 2: ಸ್ಲೋ ಬರ್ನ್, ಅಂದರೆ ಪ್ರೀತಿ ನಿಧಾನವಾಗಿ ಬೆಳೆಯುವ ಕಥೆ! ಇಪ್ಪತ್ತು ಅಧ್ಯಾಯ ಆದರೂ ಕೈ ಹಿಡಿಯಬಾರದು. ಕಾಲೇಜ್ ಎಯು (ಅದೇ ಪಾತ್ರಗಳನ್ನು ಈಗಿನ ಕಾಲೇಜಿಗೆ ತಂದು ಹಾಕುವ ಕಥೆ) ಮಾತ್ರ ಬೇಡಪ್ಪ. ಗ್ಯಾಸ್ ದೀಪ, ಕುದುರೆ ಗಾಡಿ ತೆಗೆದರೆ ಇನ್ನೇನು ಉಳಿಯಿತು?

ಪ್ರಶ್ನೆ ಕೇಳಿದವರು: ಬೈಗುಳದ ಕಥೆಯ ಲಿಂಕ್ ಕಳಿಸಿ, ಈಗಲೇ.