ಕಬ್ ಕ್ಯಾಡೆಟ್ 122: ಇಪ್ಪತ್ತೈದು ನಿಮಿಷ ಓಡಿ ನಿಂತುಹೋಗುತ್ತೆ, ಆರಿದ ಮೇಲೆ ಮತ್ತೆ ಸ್ಟಾರ್ಟ್

ತಿಪಟೂರು_ಮಿಶಿಗನ್
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಅಜ್ಜ ಮಗಳ ಊರಿಗೆ ಹೊರಟಾಗ ತಮ್ಮ ಗಾರ್ಡನ್ ಟ್ರ್ಯಾಕ್ಟರನ್ನು ನನಗೆ ಕೊಟ್ಟು ಹೋದರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರ ಕಬ್ ಕ್ಯಾಡೆಟ್ 122. ಕೋಲರ್ ಕೆ301 ಇಂಜಿನ್, ಒಂದೇ ಸಿಲಿಂಡರ್, 12 ಎಚ್‌ಪಿ. ಹೊಟ್ಟೆಯಡಿ 42 ಇಂಚಿನ ಹುಲ್ಲು ಕತ್ತರಿಸುವ ಡೆಕ್ ಇದೆ. ಕೊಡುವಾಗ ಅಜ್ಜ ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಅದಕ್ಕೇ ಇದನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.

ತೊಂದರೆ ಇಷ್ಟು. ಬೆಳಿಗ್ಗೆ ಚೋಕ್ ಎಳೆದರೆ ತಕ್ಷಣ ಸ್ಟಾರ್ಟ್ ಆಗುತ್ತೆ, ಇಪ್ಪತ್ತು ನಿಮಿಷ ಚೆನ್ನಾಗೇ ಓಡುತ್ತೆ. ಆಮೇಲೆ ದಪ್ಪ ಹುಲ್ಲು ಸಿಕ್ಕಲ್ಲಿ ಉಸಿರು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತೆ. ಆಗ ಎಷ್ಟು ಸೆಲ್ಫ್ ಹೊಡೆದರೂ ಹತ್ತಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ಮತ್ತೆ ಸ್ಟಾರ್ಟ್.

ಇಲ್ಲಿವರೆಗೆ ಮಾಡಿದ್ದು: ಪ್ಲಗ್ ಹೊಸದು, ಪೆಟ್ರೋಲ್ ಹೊಸದು, ಆಯಿಲ್ ಮಟ್ಟ ಸರಿ ಇದೆ. ಕಾರ್ಬುರೇಟರ್ ಇರಬಹುದು ಅಂತ ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ್ದೊಂದನ್ನು ತರಿಸಿ ಹಾಕಿದೆ. ಬಿಸಿಯಾದಾಗ ನಿಲ್ಲುವುದು ಹಾಗೇ ಇದೆ, ಜೊತೆಗೆ ಈಗ ಐಡಲಿಂಗೂ ಸರಿಯಾಗಿ ನಿಲ್ಲುತ್ತಿಲ್ಲ. ಹಳೇ ಗಾಡಿ ಅಂತ ನಾನು ಯಾವಾಗಲೂ ಅರ್ಧ ಥ್ರಾಟಲ್‌ನಲ್ಲೇ ನಿಧಾನವಾಗಿ ಓಡಿಸುತ್ತೇನೆ. ಮುಂದೆ ಏನು ನೋಡಲಿ?

ಮೈಸೂರು_ಜಾವಾ
ಅಣ್ಣಾ, ನಿಮ್ಮ ಟ್ರ್ಯಾಕ್ಟರ್ ನಾನು ನೋಡಿಲ್ಲ, ಆದ್ರೆ ಈ ಲಕ್ಷಣ ಚೆನ್ನಾಗಿ ಗೊತ್ತು. ನಮ್ಮಪ್ಪನ ಜಾವಾದಲ್ಲಿ ಇದೇ ಆಗ್ತಿತ್ತು. ಬಿಸಿ ಆದ್ಮೇಲೆ ಕಂಡೆನ್ಸರ್ (ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯೋ ಪುಟ್ಟ ಡಬ್ಬಿ) ಕೈಕೊಡೋದು, ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿಯೋ ಪುಟ್ಟ ಸ್ವಿಚ್) ಹತ್ರ ದೊಡ್ಡ ಕಿಡಿ ಹಾರೋದು, ಪ್ಲಗ್ ಹತ್ರ ಬರೀ ಹಳದಿ ಸಣ್ಣ ಕಿಡಿ. ನಿಮ್ಮದೂ ಬ್ಯಾಟರಿ, ಕಾಯಿಲ್, ಪಾಯಿಂಟ್ ಇರೋ ಗಾಡಿನೇ ತಾನೇ? ಹಾಗಿದ್ರೆ ನಿಂತ ತಕ್ಷಣ, ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಬಾಡಿಗೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಹೊಡೆದು ನೋಡಿ. ಆರಿದ ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ. ಪೆಟ್ರೋಲ್ ಚೆಲ್ಲಿದ್ದರೆ ಮೊದಲು ಒರೆಸಿ, ಪ್ಲಗ್ ತೂತಿನಿಂದ ದೂರ ಹಿಡೀರಿ.

ಹಳದಿ_ಬಿಳಿ
ವಿಸ್ಕಾನ್ಸಿನ್‌ನಿಂದ ನಮಸ್ಕಾರ. ನನ್ನ ಗ್ಯಾರೇಜಿನಲ್ಲಿ ಇದೇ ಕುಟುಂಬದ ಮೂರು ಗಾಡಿಗಳಿವೆ. ಅರವತ್ತರ ದಶಕದ ಶುರುವಿನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಕಬ್ ಕ್ಯಾಡೆಟ್ ತಯಾರಿಕೆ ಶುರುವಾಯಿತು. ನಿಮ್ಮ 122 ಅರವತ್ತರ ದಶಕದ ನಡುವಿನದು. ಇಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಬೆಲ್ಟ್ ಇಲ್ಲ, ನೇರ ಶಾಫ್ಟ್ ಇದೆ. ಆ ಒಂದು ಕಾರಣಕ್ಕೇ ಇವು ಇಷ್ಟು ವರ್ಷ ಬಾಳುತ್ತಿವೆ. ಗುಜರಿಗೆ ಹಾಕದಿರುವ ನಿಮ್ಮ ನಿರ್ಧಾರ ಸರಿಯಾಗಿದೆ.

ಹೌದು, ಇದು ಬ್ಯಾಟರಿ ಇಗ್ನಿಷನ್. ಪಾಯಿಂಟ್ ಇಂಜಿನ್ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳದೊಳಗಿದೆ, ಒಳಗಿನಿಂದ ಬರುವ ಪುಟ್ಟ ಕಡ್ಡಿ ಅದನ್ನು ತಳ್ಳುತ್ತದೆ. ಗ್ಯಾಪ್ 0.020 ಇಂಚು. ಮುಚ್ಚಳದೊಳಗೆ ಎಣ್ಣೆ ಜಿನುಗಿದ್ದರೆ ಆ ಕಡ್ಡಿ ಸವೆದಿದೆ ಎಂದು ತಿಳಿಯಿರಿ.

ದಯವಿಟ್ಟು ಇನ್ನು ಏನನ್ನೂ ಕೊಳ್ಳಬೇಡಿ. ನಿಂತ ಆ ಕ್ಷಣದಲ್ಲಿ ಮೂರು ನೋಡಿ: ಪ್ಲಗ್‌ನಲ್ಲಿ ಕಿಡಿ ಇದೆಯಾ, ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿದರೆ ಪೆಟ್ರೋಲ್ ಧಾರಾಳವಾಗಿ ಇಳಿಯುತ್ತಾ, ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ ಏನಾದರೂ ಬದಲಾಗುತ್ತಾ. ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಹೀಗೇ ಆಗುತ್ತದೆ, ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಪೈಪ್ ಬಿಚ್ಚುವ ಕೆಲಸ ಮಾತ್ರ ಸೈಲೆನ್ಸರ್ ಸ್ವಲ್ಪ ಆರಿದ ಮೇಲೆ, ಅದರಿಂದ ದೂರ ಡಬ್ಬಿ ಹಿಡಿದು. ಹಳೆಯ ಕಾರ್ಬುರೇಟರ್ ಎಸೆದಿಲ್ಲ ತಾನೇ?

ತಿಪಟೂರು_ಮಿಶಿಗನ್
ಎಸೆದಿಲ್ಲ, ಡಬ್ಬಿಯಲ್ಲಿದೆ. ಇವತ್ತು ನೀವು ಹೇಳಿದ ಹಾಗೇ ನೋಡಿದೆ. ಇಪ್ಪತ್ಮೂರನೇ ನಿಮಿಷಕ್ಕೆ ನಿಂತಿತು. ಕಿಡಿ ನೀಲಿ, ಚಟಚಟ ಅಂತ ಜೋರಾಗೇ ಹಾರುತ್ತಿದೆ. ಪೆಟ್ರೋಲ್ ಧಾರಾಕಾರವಾಗಿ ಇಳಿಯಿತು. ಟ್ಯಾಂಕಿನ ಮುಚ್ಚಳ ಪೂರ್ತಿ ತೆಗೆದಿಟ್ಟು ಓಡಿಸಿದರೂ ಅಷ್ಟೇ ಹೊತ್ತಿಗೆ ನಿಂತಿತು. ಪಾಯಿಂಟ್ ಮುಖ ಸ್ವಲ್ಪ ಬೂದಿಬಣ್ಣಕ್ಕಿತ್ತು, ಉಜ್ಜಿ 0.020ಕ್ಕೆ ಇಟ್ಟೆ. ಎಣ್ಣೆ ಜಿನುಗಿಲ್ಲ. ಫಲ ಸೊನ್ನೆ. ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹತ್ತುತ್ತಿಲ್ಲ ಅಂದರೆ ಏನರ್ಥ?

ಸಾಗರದ_ಪಂಪ್‌ಸೆಟ್
ನಮಸ್ಕಾರ. ನಾನು ಸಾಗರದ ಕಡೆ ಮೂವತ್ತು ವರ್ಷ ಸೀಮೆಎಣ್ಣೆ ಪಂಪ್‌ಸೆಟ್ ರಿಪೇರಿ ಮಾಡಿದವನು. ಅಡಕೆ ತೋಟದವರು ಮಳೆಗಾಲಕ್ಕೆ ಮುಂಚೆ ಸಾಲಾಗಿ ತಂದಿಡುತ್ತಿದ್ದರು. ಅವೂ ನಿಮ್ಮ ಇಂಜಿನ್ ಹಾಗೇ ಗಾಳಿಯಲ್ಲಿ ಆರುವಂಥವು, ವಾಲ್ವ್ ತಲೆಯ ಮೇಲಲ್ಲದೆ ಸಿಲಿಂಡರಿನ ಪಕ್ಕದಲ್ಲಿರುವಂಥವು.

ಕಿಡಿ ಇದೆ, ಪೆಟ್ರೋಲ್ ಇದೆ ಎಂದ ಮೇಲೆ ಉಳಿಯುವುದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ. ಬಿಸಿಯಾದಾಗ ಕಂಪ್ರೆಷನ್ ಹೋಗಿ ಆರಿದಾಗ ಬರುತ್ತಿದ್ದರೆ ಎಕ್ಸಾಸ್ಟ್ ಟ್ಯಾಪೆಟ್, ಅಂದರೆ ಹೊಗೆ ಹೊರಬಿಡುವ ವಾಲ್ವನ್ನು ಕೆಳಗಿನಿಂದ ತಳ್ಳುವ ತುಂಡು, ಬಿಗಿಯಾಗಿದೆ ಎಂದೇ ನನ್ನ ಅನುಮಾನ. ವಾಲ್ವಿನ ಕಾಂಡ ಕಾದರೆ ಉದ್ದವಾಗುತ್ತದೆ. ಅದಕ್ಕೆಂದೇ ತಣ್ಣಗಿರುವಾಗ ಟ್ಯಾಪೆಟ್‌ಗೂ ಕಾಂಡಕ್ಕೂ ನಡುವೆ ಸಂದು ಬಿಟ್ಟಿರುತ್ತಾರೆ. ಆ ಸಂದು ಸಾಲದಿದ್ದರೆ ಕಾದ ವಾಲ್ವ್ ಪೂರ್ತಿ ಕೂರುವುದಿಲ್ಲ, ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಪಿಸ್ಟನ್ ಒತ್ತಿದ ಗಾಳಿ ಅಲ್ಲಿಂದ ಸೋರುತ್ತದೆ. ಹಾಗೇ ಓಡಿಸುತ್ತಾ ಹೋದರೆ ಬೆಂಕಿ ಆ ಸಂದಿನಲ್ಲೇ ನುಗ್ಗಿ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಆದ್ದರಿಂದ ಸದ್ಯಕ್ಕೆ ಓಡಿಸಬೇಡಿ.

ಇನ್ನೆರಡು ಪ್ರಶ್ನೆ. ನಿಂತ ಮೇಲೆ ಸೆಲ್ಫ್ ಹೊಡೆದಾಗ ಇಂಜಿನ್ ಬೆಳಗಿನಂತೆ ಕುಂಯ್, ಕುಂಯ್ ಎಂದು ತಡೆತಡೆದು ತಿರುಗುತ್ತದೆಯೋ, ಹಗುರಾಗಿ ಒಂದೇ ಸಮನೆ ತಿರುಗುತ್ತದೆಯೋ? ಇಂಜಿನ್ ಮೇಲಿನ ತಗಡಿನ ಹೊದಿಕೆ ಬಿಚ್ಚಿ ಯಾವ ಕಾಲವಾಯಿತು?

ಅರ್ಧ ಥ್ರಾಟಲ್ ವಿಷಯ. ಇಂಜಿನ್ ಮೇಲಿನ ಅಕ್ಕರೆಯಿಂದ ಹಾಗೆ ಮಾಡಿದ್ದೀರಿ, ಆದರೆ ಅದರಿಂದ ಇಂಜಿನ್ನಿಗೆ ಕಷ್ಟವೇ. ತಣ್ಣಗಾಗಿಸುವ ಫ್ಯಾನ್ ಫ್ಲೈವೀಲಿನಲ್ಲೇ ಇದೆ. ಫ್ಲೈವೀಲ್ ನಿಧಾನವಾದರೆ ಗಾಳಿಯೂ ಕಮ್ಮಿ, ಅದರ ಮೇಲೆ ಹುಲ್ಲು ಕತ್ತರಿಸುವ ಭಾರ. ಕೆಲಸ ಮಾಡಿಸುವಾಗ ಪೂರ್ತಿ ಥ್ರಾಟಲ್ ಕೊಡಿ, ವೇಗವನ್ನು ಗೇರಿನಲ್ಲಿ ಇಳಿಸಿಕೊಳ್ಳಿ.

ಹಳದಿ_ಬಿಳಿ
ಯಜಮಾನರು ಹೇಳಿದ್ದೇ ಸರಿ ಎನಿಸುತ್ತಿದೆ. ನನಗಿದು ಮೊದಲೇ ಹೊಳೆಯಬೇಕಿತ್ತು. ಒಂದು ಮಾತು ಸೇರಿಸುತ್ತೇನೆ. ಕಂಪ್ರೆಷನ್ ಗೇಜ್ ಹಾಕಿ ನೋಡಿ ಮೋಸಹೋಗಬೇಡಿ. ಈ ಇಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡಲು ಸುಲಭವಾಗಲೆಂದು ವಾಲ್ವ್‌ಗಳನ್ನು ಎತ್ತಿಸುವ ಕ್ಯಾಮ್‌ಶಾಫ್ಟಿನಲ್ಲಿ ಒಂದು ಏರ್ಪಾಡಿದೆ. ನಿಧಾನವಾಗಿ ತಿರುಗುವಾಗ ಅದು ಎಕ್ಸಾಸ್ಟ್ ವಾಲ್ವನ್ನು ತುಸುವೇ ಎತ್ತಿ ಒತ್ತಡ ಬಿಡುತ್ತದೆ. ಹಾಗಾಗಿ ಆರೋಗ್ಯವಾಗಿರುವ ಇಂಜಿನ್ನೂ ಗೇಜಿನಲ್ಲಿ ಕಮ್ಮಿ ತೋರಿಸುತ್ತದೆ.

ಬದಲಿಗೆ ಹೀಗೆ ಮಾಡಿ: ಕೀ ತೆಗೆದು, ಪ್ಲಗ್ ಬಿಗಿಯಾಗಿರಲಿ, ವೈರ್ ಮಾತ್ರ ಕಳಚಿಡಿ. ಇಂಜಿನ್ನಿನ ಮುಂದಿನ ಪುಲ್ಲಿ ಹಿಡಿದು ಓಡುವ ದಿಕ್ಕಿಗೆ ವಿರುದ್ಧವಾಗಿ ಜೋರಾಗಿ ಒಂದು ಸಲ ತಿರುಗಿಸಿ. ಕಂಪ್ರೆಷನ್ ಇದ್ದರೆ ಸ್ಪ್ರಿಂಗಿನಂತೆ ವಾಪಸ್ ಒದೆಯುತ್ತದೆ. ತಣ್ಣಗಿರುವಾಗೊಮ್ಮೆ, ನಿಂತ ತಕ್ಷಣ ಇನ್ನೊಮ್ಮೆ ನೋಡಿ. ಈ ಒಂದು ಪರೀಕ್ಷೆಗಾಗಿ ಕೊನೆಯ ಸಲ ಓಡಿಸಿದರೆ ತೊಂದರೆಯಿಲ್ಲ. ಚರ್ಮದ ಕೈಗವಸು ಹಾಕಿಕೊಳ್ಳಿ, ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ.

ತಿಪಟೂರು_ಮಿಶಿಗನ್
ಮಾಡಿ ನೋಡಿದೆ. ತಣ್ಣಗಿದ್ದಾಗ ಪುಲ್ಲಿ ನನ್ನ ಕೈಯನ್ನೇ ತಳ್ಳಿತು. ನಿಂತ ತಕ್ಷಣ ನೋಡಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ, ಒದೆತವೇ ಇಲ್ಲ. ಸೆಲ್ಫ್ ಹೊಡೆದಾಗಲೂ ಬಿಸಿಯಲ್ಲಿ ಒಂದೇ ಸಮನೆ ತಿರುಗುತ್ತೆ. ಇಷ್ಟು ದಿನ ಅದನ್ನು ಕೇಳಿಸಿಕೊಂಡೂ ಲಕ್ಷ್ಯ ಕೊಟ್ಟಿರಲಿಲ್ಲ.

ಆಮೇಲೆ ಬಾನೆಟ್, ಪೆಟ್ರೋಲ್ ಟ್ಯಾಂಕ್ ಇಳಿಸಿ ತಗಡು ಬಿಚ್ಚಿದೆ. ಫೋಟೋ ಹಾಕಿದ್ದೇನೆ ನೋಡಿ. ಸಿಲಿಂಡರಿನ ಎಕ್ಸಾಸ್ಟ್ ಬದಿಯ ಫಿನ್‌ಗಳೇ (ಬಿಸಿಯನ್ನು ಗಾಳಿಗೆ ಬಿಡುವ ತೆಳು ಪಟ್ಟಿಗಳು) ಕಾಣುತ್ತಿಲ್ಲ. ಒಣಹುಲ್ಲು, ಓಕ್ ಮರದ ಕಾಯಿಯ ಸಿಪ್ಪೆ, ಹತ್ತಿ, ಎಲ್ಲ ಸೇರಿಸಿ ಇಲಿ ಗೂಡು ಕಟ್ಟಿದೆ. ಬಿಸಿಗೆ ಅದು ಕಂದಿ ಕಾಫಿಪುಡಿ ಬಣ್ಣಕ್ಕೆ ತಿರುಗಿದೆ. ಮಧ್ಯದಲ್ಲಿ ಒಂದು ನೀಲಿ ದಾರದ ಉಂಡೆ. ಹೋದ ಚಳಿಗಾಲದಲ್ಲಿ ಗ್ಯಾರೇಜಿನಿಂದ ಕಾಣೆಯಾಗಿದ್ದ ಮಗಳ ಒಂಟಿ ಕಾಲುಚೀಲದ ದಾರ ಅದು. ಮರದ ಕಡ್ಡಿ, ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಕೂತು ಒಂದೊಂದೇ ಫಿನ್ ಬಿಡಿಸಿದೆ. ಎರಡು ಗಂಟೆ ಹಿಡಿಯಿತು. ಬೆಂಕಿ ಹತ್ತದೆ ಇದ್ದದ್ದು ನಮ್ಮ ಪುಣ್ಯ.

ಕಾರ್ಬುರೇಟರ್ ತೆಗೆದರೆ ಅದರ ಹಿಂದೆ ವಾಲ್ವ್ ಮುಚ್ಚಳ ಸಿಕ್ಕಿತು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಹಾಕಿದೆ: ಇನ್ಲೆಟ್ 0.008 ಇಂಚು, ಎಕ್ಸಾಸ್ಟ್ 0.009. ಇದು ಸರಿಯಾ?

ಹಳದಿ_ಬಿಳಿ
ಇನ್ಲೆಟ್ ಸರಿಯಿದೆ, 0.008ರಿಂದ 0.010 ಇರಬೇಕು. ಎಕ್ಸಾಸ್ಟ್ 0.017ರಿಂದ 0.019 ಇರಬೇಕು. ನಿಮ್ಮದು ಅರ್ಧಕ್ಕೆ ಇಳಿದಿದೆ. ಕಳ್ಳ ಸಿಕ್ಕಿಬಿದ್ದ.

ನಿಮ್ಮ ಅದೃಷ್ಟಕ್ಕೆ ಕೆ301ರಲ್ಲಿ ಟ್ಯಾಪೆಟ್‌ಗೆ ಅಡ್ಜಸ್ಟ್ ಮಾಡುವ ಸ್ಕ್ರೂ ಇದೆ. ಇದಕ್ಕಿಂತ ಚಿಕ್ಕದಾದ ಕೆ161, ಕೆ181ರಲ್ಲಿ ವಾಲ್ವ್ ಬಿಚ್ಚಿ ಕಾಂಡದ ತುದಿಯನ್ನೇ ಅರೆಯಬೇಕು. ಪಿಸ್ಟನ್ ಕಂಪ್ರೆಷನ್ ಹೊಡೆತದ ತುತ್ತತುದಿಗೆ ಬಂದು ಎರಡೂ ವಾಲ್ವ್ ಮುಚ್ಚಿರಬೇಕು. ಇಂಜಿನ್ ಪೂರ್ತಿ ತಣ್ಣಗಿರಬೇಕು. ತೆಳು ಸ್ಪ್ಯಾನರ್ ಒಂದರಲ್ಲಿ ಟ್ಯಾಪೆಟ್ ತಿರುಗದಂತೆ ಹಿಡಿದು ಇನ್ನೊಂದರಲ್ಲಿ ಸ್ಕ್ರೂ ತಿರುಗಿಸಿ. ಜಾಗ ಇಕ್ಕಟ್ಟು, ತಾಳ್ಮೆ ಬೇಕು. 0.018ಕ್ಕೆ ಇಡಿ. ಗೇಜ್ ಎಳೆದರೆ ಸಣ್ಣ ಹಿಡಿತ ಸಿಗಬೇಕು, ಸಿಕ್ಕಿಹಾಕಿಕೊಳ್ಳಬಾರದು. ಇರಲಿ ಎಂದು ಜಾಸ್ತಿ ಸಡಿಲ ಬಿಡಬೇಡಿ. ಬಿಟ್ಟರೆ ನಾನು ಹೇಳಿದ ಆ ಒತ್ತಡ ಬಿಡುವ ಏರ್ಪಾಡು ವಾಲ್ವನ್ನು ಎತ್ತಲಾರದು, ಸೆಲ್ಫ್ ಹೊಡೆದಾಗ ಹಿಂದಕ್ಕೆ ಒದ್ದು ಸೆಲ್ಫ್ ಮೋಟರಿನ ಬೆಲ್ಟ್ ಜಾರುತ್ತದೆ.

ಕೂಡಿಸುವಾಗ ಹಳೇ ಕಾರ್ಬುರೇಟರನ್ನೇ ತೊಳೆದು ಹಾಕಿ. ಪೆಟ್ರೋಲ್ ಪ್ರಮಾಣ ಹೊಂದಿಸುವ ಮೇನ್ ಸೂಜಿಯನ್ನು ಮೆತ್ತಗೆ ಪೂರ್ತಿ ಮುಚ್ಚಿ, ಎರಡು ಸುತ್ತು ಬಿಚ್ಚಿ ಶುರುಮಾಡಿ. ಉಳಿದದ್ದನ್ನು ಓಡುವಾಗ ಕಿವಿಯಿಂದಲೇ ಹದ ಮಾಡಬಹುದು.

ಮೈಸೂರು_ಜಾವಾ
ನಾನು ಕಂಡೆನ್ಸರ್ ಅಂದಿದ್ದೆ, ತಪ್ಪಾಯ್ತು. ಒಂದು ಅನುಮಾನ: ಸವೆದ್ರೆ ಸಂದು ಜಾಸ್ತಿ ಆಗ್ಬೇಕಲ್ವಾ, ಇಲ್ಲಿ ಕಮ್ಮಿ ಹೇಗಾಯ್ತು?

ಸಾಗರದ_ಪಂಪ್‌ಸೆಟ್
ಒಳ್ಳೆಯ ಪ್ರಶ್ನೆ ತಮ್ಮಾ. ಎರಡು ಕಡೆ ಸವೆಯುತ್ತದೆ. ಟ್ಯಾಪೆಟ್ ತುದಿ ಸವೆದರೆ ಸಂದು ಹೆಚ್ಚುತ್ತದೆ. ವಾಲ್ವ್ ಕೂರುವ ಸೀಟ್ ಸವೆದರೆ ವಾಲ್ವ್ ಒಳಕ್ಕೆ ಕೂರುತ್ತದೆ, ಅದರ ಕಾಂಡ ಟ್ಯಾಪೆಟ್ ಕಡೆಗೆ ಇಳಿಯುತ್ತದೆ, ಸಂದು ಕಮ್ಮಿಯಾಗುತ್ತದೆ. ಎಕ್ಸಾಸ್ಟ್ ಬದಿಯಲ್ಲಿ ಬಿಸಿ ಜಾಸ್ತಿ, ಅಲ್ಲಿ ಸೀಟೇ ಮೊದಲು ಸೋಲುತ್ತದೆ. ಗೂಡು ಗಾಳಿಯನ್ನು ತಡೆದದ್ದರಿಂದ ಮೊದಲೇ ಕಮ್ಮಿಯಿದ್ದ ಸಂದು ಪೂರ್ತಿ ಮುಚ್ಚಿಹೋಯಿತು. ನೀನು ಬಿಸಿಯಲ್ಲೇ ಕಿಡಿ ನೋಡು ಎಂದದ್ದರಿಂದಲೇ ನಾವು ಇಲ್ಲಿಗೆ ಬಂದೆವು, ಬೇಸರ ಬೇಡ.

ತಿಪಟೂರು_ಮಿಶಿಗನ್
ಶನಿವಾರ ಟ್ಯಾಪೆಟ್ 0.018ಕ್ಕೆ ಇಟ್ಟೆ, ಮೂರು ಸಲ ತಿರುಗಿಸಿ ಮತ್ತೆ ಅಳೆದೆ. ಹಳೇ ಕಾರ್ಬುರೇಟರ್ ವಾಪಸ್ ಹಾಕಿದೆ. ಪೂರ್ತಿ ಥ್ರಾಟಲ್, ಎರಡನೇ ಗೇರ್. ಒಂದು ಗಂಟೆ ನಲವತ್ತು ನಿಮಿಷ, ಹಿತ್ತಲು, ಮುಂದಿನ ಅಂಗಳ ಎರಡೂ ಮುಗಿಯಿತು, ಒಂದು ಸಲವೂ ನಿಲ್ಲಲಿಲ್ಲ. ಬಿಸಿಯಲ್ಲೇ ಬೇಕೆಂದು ಆಫ್ ಮಾಡಿ ಮತ್ತೆ ಕೀ ತಿರುಗಿಸಿದೆ. ಎರಡನೇ ಸುತ್ತಿಗೆ ಹತ್ತಿತು. ಆ ಶಬ್ದ ಕೇಳಿ ಕಣ್ಣು ತುಂಬಿ ಬಂತು. ವಿಡಿಯೋ ತೆಗೆದು ಅಜ್ಜನಿಗೆ ಕಳಿಸಿದೆ.

ಒಂದು ಉಳಿದಿದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಆಮೀಟರ್ (ಬ್ಯಾಟರಿಯ ಕರೆಂಟ್ ತೋರಿಸುವ ಮೀಟರ್) ಮುಳ್ಳು ಚಾರ್ಜ್ ಕಡೆ ಹೋಗುತ್ತಿಲ್ಲ.

ಹಳದಿ_ಬಿಳಿ
ಬಹಳ ಸಂತೋಷ! ಮುಳ್ಳಿನ ವಿಷಯ ಸುಲಭ. ನಿಮ್ಮದರಲ್ಲಿ ಸೆಲ್ಫ್ ಮೋಟರೂ ಜನರೇಟರೂ ಒಂದೇ, ಡೆಲ್ಕೊ ರೆಮಿಯದು. ಬ್ಯಾಟರಿ ಬಿಚ್ಚಿ ಹಾಕಿದಾಗ ಕೆಲವೊಮ್ಮೆ ಅದನ್ನು ಪೋಲರೈಸ್ ಮಾಡಬೇಕಾಗುತ್ತದೆ, ಅಂದರೆ ಕರೆಂಟ್ ಯಾವ ದಿಕ್ಕಿಗೆ ಹರಿಯಬೇಕೆಂದು ಅದಕ್ಕೆ ಮತ್ತೆ ತೋರಿಸಬೇಕು. ಇಂಜಿನ್ ಆಫ್ ಇರುವಾಗ ವೋಲ್ಟೇಜ್ ರೆಗ್ಯುಲೇಟರಿನಲ್ಲಿ ‘ಬ್ಯಾಟ್’ ಮತ್ತು ‘ಜೆನ್’ ಎಂದಿರುವ ಎರಡು ಟರ್ಮಿನಲ್‌ಗೆ ಒಂದು ವೈರನ್ನು ಕ್ಷಣಮಾತ್ರ ತಾಗಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಅಷ್ಟೇ. ಹಿಡಿದುಕೊಂಡಿರಬೇಡಿ.

ತಿಪಟೂರು_ಮಿಶಿಗನ್
ತಾಗಿಸಿದೆ, ಸ್ಟಾರ್ಟ್ ಮಾಡಿದೆ, ಮುಳ್ಳು ಬಲಕ್ಕೆ ಹೋಯಿತು. ಯಜಮಾನರೇ, ಟ್ಯಾಪೆಟ್ ಮತ್ತೆ ಯಾವಾಗ ನೋಡಲಿ?

ಸಾಗರದ_ಪಂಪ್‌ಸೆಟ್
25 ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸುತ್ತೀರಲ್ಲ, ಅದರ ಜೊತೆಗೇ ಅಳೆಯಿರಿ. 0.017ಕ್ಕಿಂತ ಕೆಳಗಿಳಿದಿದ್ದರೆ ಸೀಟ್ ಇನ್ನೂ ಸವೆಯುತ್ತಿದೆ ಎಂದರ್ಥ, ಆಗ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್ ಮಾಡಿಸಬೇಕು. ಎಣ್ಣೆ ಮಟ್ಟವನ್ನಂತೂ ಪ್ರತಿ ಸಲ ನೋಡಿ. ಇದಕ್ಕೆ ಆಯಿಲ್ ಪಂಪ್ ಇಲ್ಲ, ಕನೆಕ್ಟಿಂಗ್ ರಾಡಿನ ಅಡಿಯ ತುಂಡು ಎಣ್ಣೆಯನ್ನು ಎರಚಿಯೇ ಎಲ್ಲ ಕಡೆ ಮುಟ್ಟಿಸುವುದು. ಚಳಿಗಾಲಕ್ಕೆ ನಿಲ್ಲಿಸುವ ಮುಂಚೆ ತಗಡು ಒಮ್ಮೆ ಬಿಚ್ಚಿ, ಹಿಮ ಕರಗಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಇನ್ನೊಮ್ಮೆ ಬಿಚ್ಚಿ.

ತಿಪಟೂರು_ಮಿಶಿಗನ್
ಬಾನೆಟ್ ಒಳಬದಿಯಲ್ಲಿ ಪೇಂಟ್ ಪೆನ್ನಿನಲ್ಲಿ ಬರೆದಿಟ್ಟೆ: ಇನ್ಲೆಟ್ 0.008, ಎಕ್ಸಾಸ್ಟ್ 0.018, ಪಾಯಿಂಟ್ 0.020. ಬರೆಯಲು ಒರೆಸಿದಾಗ ಅದರ ಕೆಳಗೆ ಅಜ್ಜನ ಕೈಬರಹವೂ ಕಂಡಿತು, ಪೆನ್ಸಿಲ್‌ನಲ್ಲಿ, ಅರ್ಧ ಅಳಿಸಿದೆ. ಎಣ್ಣೆ ಬದಲಿಸಿದ ತಾರೀಖುಗಳು. ಅದನ್ನು ಮುಟ್ಟದೆ ನನ್ನದನ್ನು ಪಕ್ಕದಲ್ಲಿ ಬರೆದಿದ್ದೇನೆ.