ಪದಚರ್ಚೆ: ಆಸ್ಪತ್ರೆ ಬೋರ್ಡಿಗೆ ‘ಡಿಡಕ್ಟಿಬಲ್’, ‘ಕೋ-ಪೇ’ (ನಾಳೆಯೇ ಬೇಕು)

ಸು.ನಾ. ಬರೆದದ್ದು:

ಬಳಗಕ್ಕೆ ನಮಸ್ಕಾರ. ಆಸ್ಪತ್ರೆಯೊಂದರ ವಿಮಾ ಕೌಂಟರಿನ ಎದುರು ಹಾಕುವ ಬೋರ್ಡಿಗೆ ಪದಗಳು ಬೇಕು, ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಚ್ಚಿಗೆ ಹೋಗುತ್ತದೆ. ಕೈಗೆ ಬಂದಿರುವ ಕರಡಿನಲ್ಲಿ ಡಿಡಕ್ಟಿಬಲ್‌ಗೆ ‘ಕಳೆಯಬಹುದಾದ ಮೊತ್ತ’, ಕೋ-ಪೇಮೆಂಟ್‌ಗೆ ‘ಸಹ-ಪಾವತಿ’, ಪ್ರೊಪೋರ್ಷನೇಟ್ ಡಿಡಕ್ಷನ್‌ಗೆ ‘ಅನುಪಾತದ ಕಡಿತ’ ಎಂದಿದೆ. ‘ಕಳೆಯಬಹುದಾದ’ ಎಂದರೆ ಬಿಲ್ಲಿನಲ್ಲಿ ಅಷ್ಟು ರಿಯಾಯಿತಿ ಎಂದೇ ಓದುತ್ತಾರೆ, ನಿಜಸ್ಥಿತಿ ಅದಕ್ಕೆ ತದ್ವಿರುದ್ಧ, ಅಷ್ಟನ್ನು ಮೊದಲು ರೋಗಿಯೇ ಕಟ್ಟಬೇಕು. ಪ್ರೀ-ಆಥರೈಸೇಶನ್‌ಗೆ (ಚಿಕಿತ್ಸೆಗೆ ಮುಂಚೆ ವಿಮಾ ಕಂಪನಿ ಕೊಡುವ ಒಪ್ಪಿಗೆ) ‘ಮುಂಗಡ ಒಪ್ಪಿಗೆ’ ಎಂದೂ ಇದೆ. ಒಂದೊಂದು ಪದಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗವಿಲ್ಲ.

ಕೆ.ವಿ. ಬರೆದದ್ದು:

‘ಸಹ-ಪಾವತಿ’ ಕನ್ನಡವೇ ಅಲ್ಲ. ‘ಸಹ’ ಸಂಸ್ಕೃತ, ‘ಪಾವತಿ’ ಮರಾಠಿ. ಮರಾಠಿಯಲ್ಲಿ ಪಾವತೀ ಎಂದರೆ ರಸೀದಿ, ದುಡ್ಡು ಕಟ್ಟುವುದಲ್ಲ. ದುಡ್ಡು ಕೊಡುವುದಕ್ಕೆ ನಮ್ಮದೇ ‘ತೆರು’ ಇದೆ: ಬೆಲೆ ತೆರು, ದಂಡ ತೆರು. ಕೋ-ಪೇಗೆ ‘ಕೂಡುತೆರು’, ಡಿಡಕ್ಟಿಬಲ್‌ಗೆ ‘ಮುಂದೆರು’. ಮುಗಿಯಿತು.

ಡಾ. ಹೆ. ಬರೆದದ್ದು:

ಮುಗಿಯಲಿಲ್ಲ. ‘ತೆರು’ ಎಂದು ಬರೆದರೆ ಕೌಂಟರಿನ ಮುಂದೆ ನಿಂತವರು ಸರ್ಕಾರ ಇನ್ನೊಂದು ತೆರಿಗೆ ಹಾಕಿದೆ ಅಂದುಕೊಳ್ಳುತ್ತಾರೆ.

ಪದಕ್ಕೆ ಮುಂಚೆ ಲೆಕ್ಕ ನೋಡಿ. ಬಿಲ್ಲು 1,00,000. ಅದರಲ್ಲಿ ಪಾಲಿಸಿಗೆ ಒಳಪಡದ ಬಾಬ್ತು 10,000 ಹೋದರೆ ಒಪ್ಪಿತವಾದದ್ದು 90,000. ಶೇ. 10 ಕೋ-ಪೇ ಇದ್ದರೆ ರೋಗಿಯದು 9,000. ಒಳಪಡದ 10,000 ಅದರ ಮೇಲೆ ಬೇರೆ. ಅಂದರೆ ಶೇಕಡಾವಾರು ಲೆಕ್ಕ ಒಪ್ಪಿದ ಮೊತ್ತದ ಮೇಲೆ, ಒಟ್ಟು ಬಿಲ್ಲಿನ ಮೇಲಲ್ಲ. ಜಗಳವೆಲ್ಲ ಇಲ್ಲೇ ಆಗುವುದು. ಕೋ-ಪೇ ಬದಲು 25,000 ಡಿಡಕ್ಟಿಬಲ್ ಇದ್ದರೆ ಆ 90,000ದಲ್ಲಿ ಮೊದಲ 25,000 ರೋಗಿಯದು, ಕಂಪನಿಯದು 65,000. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ವ್ಯಾಖ್ಯೆಯಂತೆ ಎರಡರಲ್ಲೂ ವಿಮಾ ಮೊತ್ತ ಕಡಿಮೆಯಾಗುವುದಿಲ್ಲ. ಆದ್ದರಿಂದ ‘ಕಡಿತ’ ಎಂಬ ಪದವನ್ನು ಇವೆರಡರ ಹತ್ತಿರವೂ ತರಬೇಡಿ.

ಕಡಿತ ಎನ್ನಬೇಕಾದದ್ದು ಮೂರನೆಯದಕ್ಕೆ ಮಾತ್ರ. ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ದಿನಕ್ಕೆ 4,000 ಇದ್ದು, ರೋಗಿ 8,000ದ ರೂಮಿನಲ್ಲಿ 4 ದಿನ ಇದ್ದರು ಅನ್ನಿ. ಬಾಡಿಗೆ 32,000ದಲ್ಲಿ 16,000 ಮಾತ್ರ ಸಿಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಸರ್ಜನ್, ಓಟಿ, ನರ್ಸಿಂಗ್ ಸೇರಿ 60,000 ಇದ್ದರೆ ಅದೂ ಅರ್ಧವಾಗಿ 30,000ಕ್ಕೆ ಇಳಿಯುತ್ತದೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ 58,000ವನ್ನು ಮುಟ್ಟುವಂತಿಲ್ಲ. ಒಟ್ಟು 1,50,000ದಲ್ಲಿ ಸಿಗುವುದು 1,04,000, ಕೈಯಿಂದ ಹೋಗುವುದು 46,000. ‘ಅನುಪಾತದ ಕಡಿತ’ ಓದಿ ಇದು ಯಾರಿಗೆ ಹೊಳೆಯುತ್ತದೆ?

ರಾ.ಭ. ಬರೆದದ್ದು:

ಹಳೆಯ ಅಂಗಡಿ ಲೆಕ್ಕದಲ್ಲಿ ‘ವಜಾ’ ಇತ್ತಲ್ಲ? ಅರಬ್ಬಿಯಿಂದ ಮರಾಠಿಗೆ, ಮರಾಠಿಯಿಂದ ನಮಗೆ. ಜಮಾ, ಖರ್ಚು, ಬಾಕಿ, ವಜಾ ಎಂದು ಎಷ್ಟು ಚೊಕ್ಕವಾಗಿತ್ತು! ‘ವಜಾ ಮೊತ್ತ’ ಎನ್ನಿ, ಎರಡೇ ಪದ.

ಡಾ. ಹೆ. ಬರೆದದ್ದು:

ರಾಯರೇ, ಇವತ್ತು ವಜಾ ಆಗುವುದು ನೌಕರ ಮತ್ತು ಅರ್ಜಿ. ಬೋರ್ಡಿನಲ್ಲಿ ‘ವಜಾ’ ಕಂಡರೆ ಕ್ಲೇಮೇ ತಿರಸ್ಕಾರವಾಯಿತು ಎಂದು ಎದೆ ಹಿಡಿದುಕೊಳ್ಳುತ್ತಾರೆ.

ಮಾ.ಶೆ. ಬರೆದದ್ದು:

ಜನ ಆಡುವುದನ್ನು ಕೇಳಿ. ಸಂಬಳದಲ್ಲಿ ‘ಮುರಿದುಕೊಂಡರು’ ಅನ್ನುತ್ತಾರೆ, ‘ನಮ್ಮ ಕೈಯಿಂದ ಇಷ್ಟು ಹೋಯಿತು’ ಅನ್ನುತ್ತಾರೆ. ಡಿಡಕ್ಟಿಬಲ್‌ಗೆ ‘ಮೊದಲು ಕೈಯಿಂದ ಕಟ್ಟುವ ಮೊತ್ತ’, ಕೋ-ಪೇಗೆ ‘ರೋಗಿಯ ಪಾಲು’ ಸಾಕು.

ಕೆ.ವಿ. ಬರೆದದ್ದು:

‘ಪಾಲು’ ತಮಿಳಿನ ಎರವಲು. ಕನ್ನಡದ್ದಾಗಿದ್ದರೆ ಪಕಾರ ಹಕಾರವಾಗಿ ‘ಹಾಲು’ ಆಗಬೇಕಿತ್ತು.

ರಾ.ಭ. ಬರೆದದ್ದು:

ಹಾಗೆ ನೋಡಿದರೆ ಹಾಡುವ ‘ಪಾಡು’ ಹಾಡಾಯಿತು, ‘ಅವರ ಪಾಡಿಗೆ ಅವರು’ ಎಂಬಲ್ಲಿನ ಪಾಡು ಹಾಗೇ ಉಳಿಯಿತು. ಅದೂ ಎರವಲೋ? ‘ಪಡೆ’ಯೂ? ಪಗು, ಪಾಲ್ ದ್ರಾವಿಡಕ್ಕೆಲ್ಲ ಸೇರಿದ ಬೇರು, ತಮಿಳಿನವರು ಗುತ್ತಿಗೆ ಹಿಡಿದಿಲ್ಲ.

ಡಾ. ಹೆ. ಬರೆದದ್ದು:

ವ್ಯುತ್ಪತ್ತಿ ಬೇರೆ ಎಳೆಯಲ್ಲಿ ಆಡಿಕೊಳ್ಳಿ. ಮಾ.ಶೆ. ಅವರ ಎರಡೂ ಪದ ಒಪ್ಪಿಗೆ, ಆದರೆ ‘ಮೊತ್ತ’ಕ್ಕೊಂದು ತೊಡಕಿದೆ. ಆಸ್ಪತ್ರೆಯಲ್ಲಿದ್ದ ದಿನಕ್ಕೆ ಇಷ್ಟು ಎಂದು ನಗದು ಕೊಡುವ ಪಾಲಿಸಿಗಳಲ್ಲಿ ಡಿಡಕ್ಟಿಬಲ್ ರೂಪಾಯಿಯಲ್ಲಿರುವುದಿಲ್ಲ, ದಿನ ಅಥವಾ ಗಂಟೆಯಲ್ಲಿರುತ್ತದೆ. ಇರುವ ವಿಮೆಯ ಮೇಲೆ ಕೊಳ್ಳುವ ಹೆಚ್ಚುವರಿ ಪಾಲಿಸಿಯಾದ ಟಾಪ್-ಅಪ್‌ನಲ್ಲಿ ಅದು ಪ್ರತಿ ಕ್ಲೇಮಿಗೂ ಬರುತ್ತದೆ, ಸೂಪರ್ ಟಾಪ್-ಅಪ್‌ನಲ್ಲಿ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿ ಒಮ್ಮೆ. ಬೋರ್ಡಿನಲ್ಲಿ ‘ಪ್ರತಿ ಸಲವೋ, ವರ್ಷಕ್ಕೋ ಎಂದು ಕೇಳಿ’ ಎಂಬ ಐದು ಪದ ಸೇರಿಸಿ.

‘ಮುಂಗಡ ಒಪ್ಪಿಗೆ’ಯನ್ನು ಇವತ್ತೇ ಹೊಡೆದುಹಾಕಿ. ಮುಂಗಡ ಎಂದರೆ ಅಡ್ವಾನ್ಸ್, ಜನ ದುಡ್ಡು ಹಿಡಿದು ಬರುತ್ತಾರೆ. ‘ಪೂರ್ವಾನುಮತಿ’ ಆಗಲೇ ಚಲಾವಣೆಯಲ್ಲಿದೆ.

ಕೆ.ವಿ. ಬರೆದದ್ದು:

ಸಂಸ್ಕೃತ ಚಲಾವಣೆಯಾದರೆ ಸರಿ, ಕನ್ನಡ ಕಟ್ಟಿದರೆ ನಗೆ. ಇದೇ ರೋಗ.

ಮಾ.ಶೆ. ಬರೆದದ್ದು:

‘ರೋಗ’ವೂ ಸಂಸ್ಕೃತ. ಮುಂದಕ್ಕೆ ಹೋಗೋಣ.

‘ಸಹ’ ಬೇಡ ಎನ್ನಲು ಮಡಿ ಬೇಕಿಲ್ಲ, ಲೆಕ್ಕವೇ ಸಾಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಉಳಿದ ಶೇ. 70 ಕಟ್ಟುವವರು ರೋಗಿಗಳು. ಇದನ್ನು ರೋಗಿಯ ‘ಸಹ’ಪಾವತಿ ಎಂದರೆ ಹೇಗೆ? ಸಹ ಕೊಡುತ್ತಿರುವುದು ಸರ್ಕಾರ!

ರಾ.ಭ. ಬರೆದದ್ದು:

ಹಾಗಾದರೆ ‘ಪಾಲು’ ಕೂಡ ಮೆತ್ತಗಾಯಿತು. ಪಾಲು ಅಂದರೆ ಬರುವುದು, ಆಸ್ತಿಯ ಪಾಲಿನಂತೆ. ಇಲ್ಲಿ ಹೋಗುತ್ತಿದೆ. ‘ಹೊರೆ’ ಎನ್ನಿ. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದ ರ‍್ಯಾಂಡ್ ಸಂಸ್ಥೆಯ ಆರೋಗ್ಯ ವಿಮಾ ಪ್ರಯೋಗ ತೋರಿಸಿದ್ದೂ ಅದನ್ನೇ: ರೋಗಿಯ ಮೇಲೆ ಖರ್ಚು ಹೇರಿದಾಗ ಜನ ಬೇಡದ ಚಿಕಿತ್ಸೆಯನ್ನಷ್ಟೇ ಅಲ್ಲ, ಬೇಕಾದ್ದನ್ನೂ ಬಿಟ್ಟರು. ವಿಮೆ ಇದೆಯೆಂದು ಜನ ಬೇಕಾಬಿಟ್ಟಿ ಚಿಕಿತ್ಸೆ ಪಡೆಯುತ್ತಾರೆ ಎಂದು ಇದಕ್ಕೆ ನೆಪವಾಗಿ ಹೇಳುವ ‘ಮಾರಲ್ ಹಜಾರ್ಡ್’ ಅನ್ನು ಯಾರೋ ‘ನೈತಿಕ ಅಪಾಯ’ ಮಾಡಿದ್ದಾರೆ, ವಿಮೆ ಇದ್ದವರೆಲ್ಲ ದಾರಿ ತಪ್ಪಿದವರಂತೆ.

ಡಾ. ಹೆ. ಬರೆದದ್ದು:

ಬೋರ್ಡಿನಲ್ಲಿ ‘ಹೊರೆ’ ಹಾಕಲು ಆಡಳಿತದವರು ಬಿಡುವುದಿಲ್ಲ. ‘ರೋಗಿ ಕಟ್ಟುವ ಪಾಲು’ ಎಂದರೆ ಬರುವುದೋ ಹೋಗುವುದೋ ಎಂಬ ಗೊಂದಲವೂ ಇಲ್ಲ.

ಸು.ನಾ. ಬರೆದದ್ದು:

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಹೀಗೆ ಕೊಡುತ್ತಿದ್ದೇನೆ:

ಡಿಡಕ್ಟಿಬಲ್: ಮೊದಲು ನಿಮ್ಮ ಕೈಯಿಂದ ಕಟ್ಟುವ ಮೊತ್ತ. ಪ್ರತಿ ಸಲವೋ, ವರ್ಷಕ್ಕೋ ಎಂದು ಕೇಳಿ.
ಕೋ-ಪೇ: ರೋಗಿ ಕಟ್ಟುವ ಪಾಲು. ವಿಮಾ ಕಂಪನಿ ಒಪ್ಪಿದ ಮೊತ್ತದಲ್ಲಿ ಇಂತಿಷ್ಟು ಶೇಕಡಾ.
ರೂಮ್ ಮಿತಿ ಕಡಿತ: ಮಿತಿ ಮೀರಿದ ರೂಮ್ ಪಡೆದರೆ ಡಾಕ್ಟರ್, ಓಟಿ, ನರ್ಸಿಂಗ್ ಹಣವೂ ಅದೇ ಲೆಕ್ಕದಲ್ಲಿ ಕಡಿತ.
ಪೂರ್ವಾನುಮತಿ: 1 ಗಂಟೆಯೊಳಗೆ. ಡಿಸ್ಚಾರ್ಜ್ ಒಪ್ಪಿಗೆ: 3 ಗಂಟೆಯೊಳಗೆ.

ಡಾ. ಹೆ. ಬರೆದದ್ದು:

ಕೊನೆಯ ಸಾಲಿಗೆ ‘ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದ ಮೇಲೆ’ ಎಂದು ಸೇರಿಸಿ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಗಡಿಯಾರ ಓಡುವುದು ಅಲ್ಲಿಂದ, ಡಾಕ್ಟರು ಮನೆಗೆ ಹೋಗಿ ಎಂದ ಹೊತ್ತಿನಿಂದಲ್ಲ. ಬಿಲ್ಲಿಂಗ್‌ನವರು ಕಡತ ಕಳಿಸುವುದಕ್ಕೇ ಮಧ್ಯಾಹ್ನ ಮಾಡಿದರೆ ಆ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ.

ಕೆ.ವಿ. ಬರೆದದ್ದು:

‘ಕೋರಿಕೆ’ ಒಳ್ಳೆಯ ಪದ. ಉಳಿದದ್ದಕ್ಕೆ ನನ್ನ ಒಪ್ಪಿಗೆಯಿಲ್ಲ.