ಎನ್‌ಟಿಪಿಯ ‘ಕೀ’ಗೆ ಕೀಲಿ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ರೂಟರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎನ್‌ಟಿಪಿ ಭಾಗದಲ್ಲಿ, ಅಂದರೆ ರೂಟರ್ ತನ್ನ ಗಡಿಯಾರವನ್ನು ಇನ್ನೊಂದು ಸರ್ವರ್ ನೋಡಿ ಸರಿಮಾಡಿಕೊಳ್ಳುವ ಕಡೆ, ಎರಡು ಪದಗಳು ತೊಡಕಾಗಿವೆ.

ಮೊದಲು ‘ಕೀ’. ಸಿಸ್ಕೋ ರೂಟರ್‌ನಲ್ಲಿ ‘ಎನ್‌ಟಿಪಿ ಅಥೆಂಟಿಕೇಶನ್-ಕೀ 10 ಎಂಡಿ5’ ಎಂದು ಬರೆದು (10 ಅಂದರೆ ಕೀ ಸಂಖ್ಯೆ, ಎಂಡಿ5 ಅಂದರೆ ಲೆಕ್ಕದ ರೀತಿ) ಮುಂದೆ ಒಂದು ಗುಟ್ಟಿನ ಪದ ಕೊಡುತ್ತೇವೆ. ಅದೇ ಸಂಖ್ಯೆ, ಅದೇ ಪದ ಸರ್ವರ್‌ನಲ್ಲೂ ಇರಬೇಕು. ಇದಕ್ಕೆ ಕೀಲಿ ಅಂದರೆ ಓದುವವರು ಸಮಯಕ್ಕೆ ಬೀಗ ಹಾಕಿ ಕಳಿಸುತ್ತಾರೆ ಅಂದುಕೊಳ್ಳುತ್ತಾರೆ; ಉತ್ತರ ಕರ್ನಾಟಕದ ಕಡೆ ಕೀಲಿ ಅಂದರೆ ಬೀಗವೇ, ಅಲ್ವಾ? ಆದರೆ ಇಲ್ಲಿ ಯಾವುದನ್ನೂ ಮುಚ್ಚುವುದಿಲ್ಲ. ಯುಡಿಪಿ 123ನೇ ಪೋರ್ಟ್‌ನಲ್ಲಿ ಸಮಯ ಬಯಲಾಗಿಯೇ ಹೋಗುತ್ತದೆ. ಗುಟ್ಟಿನ ಪದವನ್ನೂ ಪ್ಯಾಕೆಟ್ಟನ್ನೂ ಸೇರಿಸಿ ಲೆಕ್ಕ ಹಾಕಿದ 16 ಬೈಟ್‌ಗಳ ಗುರುತೊಂದು, ಕೀ ಸಂಖ್ಯೆಯ ಜೊತೆ, ಪ್ಯಾಕೆಟ್‌ನ ಕೊನೆಗೆ ಸೇರುತ್ತದೆ, ಅಷ್ಟೇ. ಗುಟ್ಟಿನ ಪದ ಹೊರಗೆ ಹೋಗುವುದೇ ಇಲ್ಲ. ಹಾಗಾಗಿ ಆ ಗುರುತಿಗೆ ‘ಮೊಹರು’, ಕೀಗೆ ‘ಮೊಹರಿನ ಗುಟ್ಟು’ ಅಂತ ಸದ್ಯಕ್ಕೆ ಬರೆದಿದ್ದೇನೆ. 2019ರ ಆರ್‌ಎಫ್‌ಸಿ 8573 ಎಂಬ ಇಂಟರ್ನೆಟ್ ನಿಯಮಗಳ ಕಡತ, ಎಂಡಿ5 ಬಿಟ್ಟು ಎಇಎಸ್-ಸಿಎಂಎಸಿ ಎಂಬ ಇನ್ನೊಂದು ರೀತಿ ಬಳಸಿ ಅನ್ನುತ್ತದೆ; ಲೆಕ್ಕದ ರೀತಿ ಬದಲಾದರೂ ಮೊಹರು ಅನ್ನುವ ಪದ ಹೊಂದುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಅಥೆಂಟಿಕೇಶನ್ ಬಗ್ಗೆ. ‘ದೃಢೀಕರಣ’ ಚಾಲ್ತಿಯಲ್ಲಿದೆ, ಆಧಾರ್‌ನಿಂದಾಗಿ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಸೇವೆ ಕೊಡುವವರು ಕೇಳಲು ಬಂದವರನ್ನು ಪರೀಕ್ಷಿಸುತ್ತಾರೆ. ಎನ್‌ಟಿಪಿಯಲ್ಲಿ ಇದು ಉಲ್ಟಾ: ಸಮಯ ಕೇಳುವ ರೂಟರೇ ಸರ್ವರನ್ನು ಪರೀಕ್ಷಿಸುತ್ತದೆ. ಕೀ ಇಲ್ಲದೆ ಕೇಳಿದವರಿಗೂ ಸರ್ವರ್ ಸಮಯ ಕೊಡುತ್ತದೆ, ಬೇಡದವರನ್ನು ತಡೆಯಬೇಕಾದರೆ ಆಕ್ಸೆಸ್-ಗ್ರೂಪ್ (ಯಾರಿಗೆ ಸಮಯ ಕೊಡಬಹುದು ಅನ್ನುವ ಪಟ್ಟಿ) ಬೇರೆಯೇ ಹಾಕಬೇಕು. ‘ದೃಢೀಕರಣ ಆನ್ ಮಾಡಿ’ ಅಂತ ಸುಮ್ನೆ ಬರೆದರೆ, ಸರ್ವರ್‌ಗೆ ಕಾವಲು ಬಿತ್ತು ಅಂತ ಓದುಗರು ನಂಬುವುದು ಸಹಜ. ಇನ್ನೂ ಒಂದಿದೆ. ‘ಎನ್‌ಟಿಪಿ ಅಥೆಂಟಿಕೇಟ್’ (ಪರೀಕ್ಷೆ ಆನ್ ಮಾಡುವ ಸಾಲು), ‘ಎನ್‌ಟಿಪಿ ಟ್ರಸ್ಟೆಡ್-ಕೀ 10’ (10ನೇ ಕೀಯನ್ನು ನಂಬು ಅನ್ನುವ ಸಾಲು) ಎರಡನ್ನೂ ಹಾಕಿ, ‘ಎನ್‌ಟಿಪಿ ಸರ್ವರ್’ ಸಾಲಿನ ಕೊನೆಯಲ್ಲಿ ‘ಕೀ 10’ ಬಿಟ್ಟುಹೋದರೆ, ರೂಟರ್ ಮೊಹರಿಲ್ಲದ ಸಮಯವನ್ನೇ ಒಪ್ಪಿಕೊಂಡುಬಿಡುತ್ತದೆ. ಯಾರು ಯಾರನ್ನು ಪರೀಕ್ಷಿಸುತ್ತಾರೆ ಅನ್ನುವುದು ಪದದಲ್ಲೇ ಕಂಡರೆ ಈ ಸಾಲು ತಪ್ಪುವುದು ಕಡಿಮೆಯಾಗಬಹುದು.

‘ದೃಢೀಕರಣ’ ಇಟ್ಟುಕೊಂಡು ಪ್ರತಿ ಸಲ ‘ಸರ್ವರ್‌ನ ದೃಢೀಕರಣ’ ಅಂತ ಬಿಡಿಸಿ ಬರೆಯಲೇ, ಇಲ್ಲಾ ‘ಮೊಹರು ಪರೀಕ್ಷೆ’ ಅನ್ನಲೇ? ಟ್ರಸ್ಟೆಡ್-ಕೀಗೆ ‘ಒಪ್ಪಿದ ಗುಟ್ಟು’ ಸರಿಹೋಗುತ್ತದೆಯೇ? ನೆಟ್‌ವರ್ಕ್ ಕೆಲಸದವರು ಬಾಯಲ್ಲಿ ಏನನ್ನುತ್ತಾರೆ ಅಂತ ಬಲ್ಲವರು ದಯವಿಟ್ಟು ತಿಳಿಸಿ.